ಬ್ಯಾಂಡ್‌ಸೆಟ್ಟಿನವರು ಓಡುತ್ತ ಬಾರಿಸಿದ ಹಾಗೆ

ಪತ್ರ: ಬೆಣ್ಣೆದೋಸೆ ಊರಿನ ಪತ್ರಿಕೆಯಲ್ಲಿ ‘ಸ್ಕಾ ಪಂಕ್’ ಎಂಬ ಗದ್ದಲಕ್ಕೆ ಎರಡು ಪುಟವೇ? ನೀವು ಹೊಗಳಿದ ‘ಹಲೋ ರಾಕ್‌ವ್ಯೂ’ ಆಲ್ಬಮ್ಮನ್ನು ಹತ್ತು ನಿಮಿಷ ಕೇಳಿ ನಿಲ್ಲಿಸಿದೆ. ಮದುವೆ ಬ್ಯಾಂಡ್‌ಸೆಟ್ಟಿನವರು ಬಸ್ಸು ತಪ್ಪೀತೆಂದು ಓಡುತ್ತ ಬಾರಿಸಿದ ಹಾಗಿತ್ತು. ಇದರಲ್ಲಿ ನಿಮಗೆ ಹಿಡಿಸಿದ್ದಾದರೂ ಏನು?
– ನಿವೃತ್ತ ಶಿಕ್ಷಕರೊಬ್ಬರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ಈ ಹೋಲಿಕೆ ಮೊದಲೇ ಸಿಕ್ಕಿದ್ದರೆ ಕದ್ದು ಲೇಖನಕ್ಕೆ ಹಾಕಿಕೊಳ್ಳುತ್ತಿದ್ದೆ. ನನಗೆ ಹಿಡಿಸಿದ್ದು ಆ ಓಟವೇ.

ನೀವು ತಾಳ ಹಾಕುವಾಗ ಕೈ ತೊಡೆಗೆ ಬೀಳುತ್ತದಲ್ಲ, ಸ್ಕಾ ನುಡಿಸುವವರ ಗಿಟಾರು ಅಲ್ಲಿ ಬೀಳುವುದಿಲ್ಲ. ಕೈ ಮೇಲೇಳುವಾಗ ‘ಚಕ್’ ಎನ್ನುತ್ತದೆ. ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಮೀಟಿ, ಕೂಡಲೇ ಬೆರಳಲ್ಲಿ ಅದುಮಿಬಿಡುತ್ತಾರೆ. ನಾದ ಹುಟ್ಟಿದಲ್ಲೇ ಮುಗಿಯುತ್ತದೆ. ಕೂತವರ ಕಾಲು ಕುಣಿಯುವುದು ಅದಕ್ಕೇ. ಈ ನಡೆ ಜಮೈಕಾದ್ದು, 1950ರ ದಶಕದ ಕೊನೆಯದು. ಅಲ್ಲಿಯದೇ ರೆಗ್ಗೆ ಸಂಗೀತಕ್ಕೆ ಅಣ್ಣನಾಗಬೇಕು. 1979ರ ಹೊತ್ತಿಗೆ ಇಂಗ್ಲೆಂಡಿನ ಕವೆಂಟ್ರಿಯ ಹುಡುಗರ ಕೈಗೆ ಬಂತು. ಆಮೇಲೆ ಅಮೆರಿಕದವರು ಅದಕ್ಕೆ ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ವೇಗ ಕಟ್ಟಿ ಓಡಿಸಿದರು.

‘ಹಲೋ ರಾಕ್‌ವ್ಯೂ’ 1998ರದ್ದು. ಅದನ್ನು ಮಾಡಿದ ‘ಲೆಸ್ ದ್ಯಾನ್ ಜೇಕ್’ ತಂಡ ಅಮೆರಿಕದ ಫ್ಲಾರಿಡಾದ ಗೇನ್ಸ್‌ವಿಲ್‌ನದು, ನಮ್ಮ ಹಾಗೆ ಕಾಲೇಜುಗಳ ಊರು. ತಮಾಷೆಯೆಂದರೆ ಇವರ ಹಾಡುಗಳಿಗೆ ಹೆಚ್ಚಿನ ಸಾಹಿತ್ಯ ಬರೆದವನು ಹಾಡುಗಾರನಲ್ಲ, ಆಗ ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದವನು. ಅವನ ಮಾತು ಕೇಳಿದರೆ ಬೇಜಾರು: ಓರಗೆಯವರೆಲ್ಲ ಊರು ಬಿಟ್ಟರು, ಉಳಿದವರು ಉಳಿದಲ್ಲೇ ಮಾಗಿದರು. ಬೇಸರದ ಊರೊಂದರ ಚರಿತ್ರೆ ಎಂದೇ ಒಂದು ಹಾಡಿನ ಹೆಸರು. ಆದರೆ ಆ ಬೇಜಾರಿನ ನೆತ್ತಿಯ ಮೇಲೆ ಟ್ರಾಂಬೋನು, ಸ್ಯಾಕ್ಸೋಫೋನು ದಿಬ್ಬಣ ಹೊರಟಂತೆ ಮೊಳಗುತ್ತವೆ.

ನಮ್ಮ ಮಂಡಿಪೇಟೆಯಲ್ಲಿ ಒಮ್ಮೆ ಮೆರವಣಿಗೆ ನಿಂತಾಗ ನೋಡಿದ್ದೆ. ಕೆಂಪು ಕೋಟಿನ ಮುದುಕರೊಬ್ಬರು ಟ್ರಂಪೆಟ್ ತಲೆಕೆಳಗು ಮಾಡಿ ಎಂಜಲು ಒದರಿದರು, ಕೋಟಿನ ತೋಳಲ್ಲಿ ಬಾಯಿ ಒರೆಸಿಕೊಂಡು, ‘ಮಗ ಬೆಂಗಳೂರಲ್ಲಿ ಸೆಕ್ಯೂರಿಟಿ, ಇದನ್ನ ಕಲೀಲಿಲ್ಲ’ ಎಂದರು. ಮರುಕ್ಷಣ ಕುಣಿಯುವವರಿಗೆ ಬೇಕಾದ ಹಾಡು ಎತ್ತಿಕೊಂಡರು. ಆ ಆಲ್ಬಮ್ ಕೇಳಿದಾಗೆಲ್ಲ ನನಗೆ ಅವರ ಕೆನ್ನೆ ಉಬ್ಬಿದ್ದು ಕಾಣುತ್ತದೆ.

ಗಾಯನ ಮೂಗಿನದು, ಒಪ್ಪಿದೆ. ಎಂಟನೇ ಹಾಡಿಗೆ ನನ್ನ ಕಿವಿಯೂ ದಣಿಯುತ್ತದೆ. ಎರಡು ಪುಟ ಕೊಟ್ಟದ್ದು ಮಾತ್ರ ಹೆಚ್ಚಾಗಲಿಲ್ಲ. ಜಾಹೀರಾತು ಬಾರದಿದ್ದರೆ ಮೂರು ಕೊಡುತ್ತಿದ್ದೆ.

ಶನಿವಾರ ಸಂಜೆ ಕಚೇರಿ ಕಡೆ ಬನ್ನಿ. ಮಂಡಕ್ಕಿ–ಮಿರ್ಚಿ ತರಿಸಿರುತ್ತೇನೆ. ಹತ್ತು ನಿಮಿಷಕ್ಕೆ ನಿಲ್ಲಿಸಿದಿರಲ್ಲ, ಅಲ್ಲಿಂದ ಮುಂದಕ್ಕೆ ಹಾಕೋಣ.