ಒಲೆ ಮುಂದಿನ ಮಾತು: ಈ ಸಲ ಮಸಾಲಿ ಖಾರ

ಶಿವರಾತ್ರಿ ಮುಗಿಯಿತು ಅಂದರೆ ನನಗೆ ಬರುವ ಪತ್ರಗಳೆಲ್ಲ ಖಾರದ್ದೇ, ಅಂದರೆ ಮೆಣಸಿನಕಾಯಿಗೆ ಮಸಾಲಿ ಸಾಮಾನು ಸೇರಿಸಿ ಮಾಡಿಡುವ ಪುಡಿಯದ್ದು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಹೊಸ ಮೆಣಸಿನಕಾಯಿ ಚೀಲಗಳು ಬಾಯಿ ಬಿಚ್ಚಿ ಕೂತಿವೆ. ಮಾಳಿಗೆ ಇದ್ದವರು ಹಳೆ ಸೀರೆ ಹಾಸಿ ಒಣಗಿಸಲು ಶುರು ಮಾಡಿದ್ದಾರೆ. ನಾನು ಹುಟ್ಟಿದ್ದು ವಿಜಯಪುರದ ಕಡೆ, ಸಂಸಾರ ಮಾಡಿದ್ದು ಬೆಳಗಾವಿಯಲ್ಲಿ. ಎರಡೂ ಕಡೆಯ ಖಾರ ಮಾಡಿ ಗೊತ್ತು, ಎರಡರ ಮೇಲೂ ನನಗೆ ಪ್ರೀತಿ. ಬಂದ ಪತ್ರಗಳಲ್ಲಿ ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಅಕ್ಕಾರೇ, ನನ್ನ ತವರು ಮುಧೋಳ. ಈಗ ಬೆಂಗಳೂರಿನಲ್ಲಿ ಮಹಡಿ ಮನೆ. ಬಿಸಿಲು ಬರುವುದಿಲ್ಲ, ಹತ್ತಿರದಲ್ಲಿ ಖಾರ ಕುಟ್ಟುವ ಗಿರಣಿಯೂ ಇಲ್ಲ. ಅವ್ವ ಕಳಿಸುತ್ತಿದ್ದಳು, ಈಗ ಅವಳ ಕೈಲಿ ಆಗುವುದಿಲ್ಲ. ಮಿಕ್ಸಿಯಲ್ಲೇ ಸ್ವಲ್ಪ ಮಾಡಿಕೊಳ್ಳಬಹುದಾ?
– ಬೆಂಗಳೂರಿನಿಂದ ಒಬ್ಬ ಓದುಗರು

ಧಾರಾಳವಾಗಿ ಮಾಡಬಹುದು ತಂಗಿ. ಐದು ಕಿಲೋ ಮಾಡಿದರಷ್ಟೇ ಮಸಾಲಿ ಖಾರ ಅಂತ ಯಾರೂ ಹೇಳಿಲ್ಲ. ಕಾಲು ಕಿಲೋ ಮೆಣಸಿನಕಾಯಿಗೆ ನನ್ನ ಅಳತೆ ಕೊಡುತ್ತೇನೆ. ಬ್ಯಾಡಗಿ 200 ಗ್ರಾಂ, ಗುಂಟೂರು ಇಲ್ಲವೇ ಸಂಕೇಶ್ವರಿ 50 ಗ್ರಾಂ. ಕೊತ್ತಂಬರಿ ಬೀಜ 125 ಗ್ರಾಂ, ಜೀರಿಗೆ 25, ಬಿಳಿ ಎಳ್ಳು 25, ಗಸಗಸೆ 10, ಸಾಸಿವೆ 5, ಮೆಂತ್ಯ 5. ಲವಂಗ, ಚಕ್ಕೆ, ಕರಿಮೆಣಸು ತಲಾ 5 ಗ್ರಾಂ. ನಾಲ್ಕೈದು ಏಲಕ್ಕಿ, ಒಂದೆರಡು ಎಸಳು ಜಾಪತ್ರಿ, ಸಣ್ಣ ಹಿಡಿಯಷ್ಟು ದಗಡಫೂಲ್ (ಕಲ್ಲುಹೂವು). ಅರಿಶಿನ ಪುಡಿ 10 ಗ್ರಾಂ, ಚಿಟಿಕೆ ಇಂಗು. ಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲಿ ಹೋದವು ಅಂತ ಕೇಳಬೇಡಿ, ಮುಂದಿನ ಪತ್ರದಲ್ಲಿ ಬರುತ್ತವೆ.

ಅಳತೆ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಹುರಿಯುವುದು ತಪ್ಪಿದರೆ ನಡೆಯುವುದಿಲ್ಲ. ಎಲ್ಲ ಸಾಮಾನನ್ನೂ ಒಟ್ಟಿಗೆ ಬುಟ್ಟಿಗೆ (ಬಾಣಲೆಗೆ) ಸುರಿದು ಕೈಯಾಡಿಸುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಗಸಗಸೆ ಆಗುವ ಹೊತ್ತಿಗೆ ಕೊತ್ತಂಬರಿ ಇನ್ನೂ ಹಸಿ, ಕೊತ್ತಂಬರಿ ಆಗುವ ಹೊತ್ತಿಗೆ ಗಸಗಸೆ ಕರಕಲು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ದಪ್ಪ ತಳದ ಬುಟ್ಟಿ, ಸಣ್ಣ ಉರಿ.

ಕೊತ್ತಂಬರಿ ಬೀಜದ ಮೇಲೆ ಜಾಸ್ತಿ ಗಮನ ಇರಲಿ. ಮೊದಲು ಹಸಿ ಹುಲ್ಲಿನಂಥ ವಾಸನೆ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಕಾಣುತ್ತದೆ. ಎಷ್ಟೋ ಜನ ಅಲ್ಲೇ ಬೇಸತ್ತು ಉರಿ ಜೋರು ಮಾಡುತ್ತಾರೆ, ಮಾಡಬೇಡಿ. ಹುಲ್ಲಿನ ವಾಸನೆ ಹೋಗಿ ಬೆಚ್ಚನೆಯ ಸಿಹಿ ಘಮ ಬಂದಾಗ ಒಂದು ಕಾಳು ತೆಗೆದು ಉಗುರಿನಲ್ಲಿ ಒತ್ತಿ. ಚಪ್ಪಟೆ ಆದರೆ ಇನ್ನೂ ಹುರಿಯಬೇಕು, ಪುಡಿಯಾಗಿ ಉದುರಿದರೆ ಆಯಿತು. ಕೂಡಲೇ ಬುಟ್ಟಿಯಿಂದ ತಟ್ಟೆಗೆ ಸುರಿಯಿರಿ. ಉರಿ ಆರಿಸಿ ಬುಟ್ಟಿಯಲ್ಲೇ ಬಿಟ್ಟರೆ ಆ ಕಾವಿಗೇ ಮತ್ತಷ್ಟು ಹುರಿಯುತ್ತದೆ.

ಮೆಂತ್ಯ ಹಳದಿಯಿಂದ ಕೆಂಪಿಗೆ ತಿರುಗಿದರೆ ಸಾಕು. ಅದು ಕಂದಾದರೆ ಇಡೀ ಡಬ್ಬಿಯೇ ಕಹಿ. ಗಸಗಸೆಗೆ ಉರಿಯೇ ಬೇಡ, ಬಿಸಿ ಬುಟ್ಟಿ ಸಾಕು. ದಗಡಫೂಲ್ ಬಂಡೆ ಮೇಲೆ, ಮರದ ತೊಗಟೆ ಮೇಲೆ ಬೆಳೆಯುವಂಥದ್ದು, ಹಾಗಾಗಿ ಒಳಗೆ ತೊಗಟೆ ಚೂರು, ಮಣ್ಣು ಇದ್ದೇ ಇರುತ್ತದೆ. ಬಿಡಿಸಿ ಕೊಡವಿ, ಎರಡು ಹನಿ ಶೇಂಗಾ ಎಣ್ಣೆಯಲ್ಲಿ ಗರಿಗರಿ ಮಾಡಿ. ಹಸಿಯಾಗಿ ಮೂಸಿದರೆ ಮಣ್ಣಿನ ವಾಸನೆ, ಎಣ್ಣೆ ತಾಗಿದ ಮೇಲೆ ಬರುವ ಘಮವೇ ಬೇರೆ. ನಮ್ಮ ಕಡೆಯ ಖಾರವನ್ನು ಕಣ್ಣು ಮುಚ್ಚಿ ಗುರುತು ಹಿಡಿಯುವುದು ಆ ಘಮದಿಂದಲೇ. ಅದನ್ನು ಮಾತ್ರ ಬಿಡಬೇಡಿ.

ಬಿಸಿಲಿಲ್ಲದ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ತೆಗೆದು, ಅರ್ಧ ಚಮಚ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಬೆಚ್ಚಗೆ ಮಾಡಿ. ಕಿಟಕಿ ತೆಗೆದಿರಲಿ, ಘಾಟು ಬರುತ್ತದೆ. ಬಿಸಿ ಇದ್ದಾಗ ಮೆತ್ತಗೇ ಇರುತ್ತದೆ, ಹೆದರಬೇಡಿ. ಆರಿದ ಮೇಲೆ ಮುರಿದರೆ ಚಟ್ ಅನ್ನಬೇಕು.

ಎಲ್ಲ ಪೂರ್ತಿ ಆರಿದ ಮೇಲೆಯೇ ಮಿಕ್ಸಿ. ಒಂದೇ ಸಮನೆ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಜಾರು ಬಿಸಿಯಾದರೆ ಘಮ ಕೊಡುವ ಎಣ್ಣೆ ಅಂಶ ಹಾರಿಹೋಗುತ್ತದೆ. ಪುಡಿಯನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಆಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ.

ನಮ್ಮ ಮನೆಯ ಖಾರ ದೀಪಾವಳಿ ಹೊತ್ತಿಗೆ ಕಮಟು ವಾಸನೆ ಬಂದು ಗಂಟು ಕಟ್ಟಿತು. ಎರಡು ಕಿಲೋ ಚೆಲ್ಲಬೇಕಾಯಿತು. ವಿಜಯಪುರದಲ್ಲಿರುವ ನಮ್ಮ ಅತ್ತಿಗೆ ಅದೇ ಅಳತೆಯಲ್ಲಿ ಮಾಡಿದ್ದು ಇನ್ನೂ ಚೆನ್ನಾಗಿದೆ. ಯಾಕೆ ಹೀಗೆ?
– ಖಾನಾಪುರದ ಗೃಹಿಣಿ

ನಿಮ್ಮ ಪತ್ರ ಓದಿ ನಿಜವಾಗಿ ಸಂಕಟವಾಯಿತು. ಎರಡು ಕಿಲೋ ಖಾರದ ಹಿಂದೆ ಎಷ್ಟು ಕೆಲಸ ಇರುತ್ತದೆ ಅಂತ ಮಾಡಿದವರಿಗೇ ಗೊತ್ತು.

ನಿಮ್ಮ ಅತ್ತಿಗೆಯ ಊರಲ್ಲಿ ಗಾಳಿ ಒಣ, ನಿಮ್ಮ ಊರಲ್ಲಿ ಮಳೆಗಾಲವೆಲ್ಲ ಗೋಡೆ ಸಹ ಹಸಿ. ಅದೊಂದು ಕಾರಣ. ಇನ್ನೊಂದು, ನೀವು ಬರೆದಿರುವ ಹಾಗೆ ಒಣ ಕೊಬ್ಬರಿ ಅರ್ಧ ಕಿಲೋ ಹಾಕಿದ್ದೀರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರಿದು ಅದೇ ಡಬ್ಬಿಗೆ ಸೇರಿಸಿದ್ದೀರಿ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಪುಡಿಯಾದ ಮೇಲೆ ಆ ಎಣ್ಣೆಗೆ ಗಾಳಿ ತಾಗುತ್ತದೆ, ತಿಂಗಳು ಕಳೆದಂತೆ ಕಮಟು ಹಿಡಿಯುತ್ತದೆ. ಉಳ್ಳಾಗಡ್ಡಿ ಎಷ್ಟು ಕೆಂಪಗೆ ಹುರಿದರೂ ಒಳಗೆ ಸ್ವಲ್ಪ ಹಸಿ ಉಳಿದಿದ್ದರೆ ಗಂಟು ಕಟ್ಟುವುದು ಖಂಡಿತ.

ನಾನು ಎರಡು ಪಾಲು ಮಾಡುತ್ತೇನೆ. ಮೆಣಸಿನಕಾಯಿ, ಕೊತ್ತಂಬರಿ, ಮಸಾಲಿ ಸಾಮಾನು, ಅರಿಶಿನ ಸೇರಿದ ಒಣ ಖಾರ ವರ್ಷಕ್ಕೆ. ಕೊಬ್ಬರಿ, ಎಳ್ಳು, ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂಗಳಿಗೆ. ತಿಂಗಳ ಮೊದಲಿಗೆ ಬೇಕಾದಷ್ಟು ಒಣ ಖಾರ ತೆಗೆದು, ಆಗಷ್ಟೇ ಹುರಿದ ಕೊಬ್ಬರಿ, ಬಳ್ಳೊಳ್ಳಿ ಸೇರಿಸಿ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಕಾಲು ಕಿಲೋ ಒಣ ಖಾರಕ್ಕೆ 50 ಗ್ರಾಂ ಕೊಬ್ಬರಿ, ಒಂದು ದೊಡ್ಡ ಗಡ್ಡೆ ಬಳ್ಳೊಳ್ಳಿ ಸಾಕು. ಮೇಲೆ ನಾನು ಬೆಂಗಳೂರಿನ ತಂಗಿಗೆ ಎಳ್ಳು ಸೇರಿಸಿ ಹೇಳಿದ್ದು, ಅವರದು ಒಂದೆರಡು ತಿಂಗಳಲ್ಲಿ ಖಾಲಿಯಾಗುವಷ್ಟೇ ಅಳತೆ ಅಂತ. ಹಿರಿಯರು ಎಲ್ಲ ಸೇರಿಸಿಯೇ ಇಡುತ್ತಿದ್ದರಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಇಡುತ್ತಿದ್ದರು, ಹೌದು. ಮನೆ ತುಂಬ ಜನ ಇದ್ದರು, ಬೇಗ ಖಾಲಿಯೂ ಆಗುತ್ತಿತ್ತು. ನಾಲ್ಕು ಜನರ ಮನೆಗೆ ಆ ಲೆಕ್ಕ ಬೇಡ.

ವರ್ಷದ ಪಾಲನ್ನು ಗಾಜಿನ ಬರಣಿಯಲ್ಲಿ ಕಿಟಕಿ ಪಕ್ಕ ಚಂದಕ್ಕೆ ಇಡಬೇಡಿ. ಬೆಳಕಿಗೆ ಕೆಂಪು ಬಣ್ಣ ಮಾಸುತ್ತದೆ. ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರಿಜ್‌ನ ಮೇಲಿನ ಐಸ್ ಖಾನೆಯಲ್ಲಿಟ್ಟರೆ ಖಾನಾಪುರದ ಮಳೆಗೂ ಅಂಜಬೇಕಿಲ್ಲ. ಹೊರಗೆ ತೆಗೆದ ಪೊಟ್ಟಣ ತಣ್ಣಗಿರುವಾಗ ಬಿಚ್ಚಬಾರದು, ಅಷ್ಟೇ.

ಬಣ್ಣ ಬರುತ್ತದೆ, ಖಾರ ಇಲ್ಲ. ಅಂಗಡಿಯವರು ಬ್ಯಾಡಗಿ ಅಂತಲೇ ಕೊಟ್ಟರು. ಮೋಸ ಹೋದೆನಾ?
– ಜಮಖಂಡಿಯಿಂದ

ಇಲ್ಲ, ಅದು ಬ್ಯಾಡಗಿಯ ಗುಣವೇ. ಹಾವೇರಿ ಜಿಲ್ಲೆಯ ಬ್ಯಾಡಗಿ ಊರಿನ ಹೆಸರು ಹೊತ್ತ ಈ ಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಇದಕ್ಕೆ ಬೆಲೆ ಬಣ್ಣಕ್ಕೆ. ಇದರಿಂದ ತೆಗೆದ ಕೆಂಪು ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಬ್ಯಾಡಗಿಯಲ್ಲೇ ಎರಡು ಬಗೆ. ಡಬ್ಬಿ ಅನ್ನುವುದು ಗಿಡ್ಡ, ದಪ್ಪ, ಬಣ್ಣ ಜಾಸ್ತಿ, ಖಾರ ಕಡಿಮೆ. ಕಡ್ಡಿ ಅನ್ನುವುದು ಉದ್ದ, ತೆಳು, ಮೈಯೆಲ್ಲ ಸುಕ್ಕು. ಖಾರ ಬೇಕಿದ್ದರೆ ಐದರಲ್ಲಿ ಒಂದು ಪಾಲು ಗುಂಟೂರು ಸೇರಿಸಿ. ನಮ್ಮ ಹುಕ್ಕೇರಿ ತಾಲೂಕಿನ ಸಂಕೇಶ್ವರಿ ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ, ಅದರ ಖಾರಕ್ಕೊಂದು ರುಚಿಯೂ ಇದೆ.

ಬೀಜ ತೆಗೆದರೆ ಖಾರ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಖಾರ ತುಂಬಿರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರಿನಲ್ಲಿ. ತೊಟ್ಟು ಮುರಿದು ಕೈ ಉರಿಯುತ್ತಿದ್ದರೆ ಬರೀ ನೀರಿಗೆ ಅದು ಹೋಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ.

ಮೋಸದ ಭಯ ಇರುವುದು ಸಡಿಲ ಪುಡಿ ಕೊಂಡಾಗ. ಒಂದು ಗ್ಲಾಸು ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಕೆಂಪು ಗೆರೆಗಳು ಕೂಡಲೇ ಕೆಳಗೆ ಇಳಿದರೆ ಬಣ್ಣ ಬೆರೆಸಿದ್ದಾರೆ ಅಂತ ತಿಳಿಯಿರಿ. ಅರಿಶಿನವನ್ನಂತೂ ಕೊಂಬು ಕೊಂಡು ಕುಟ್ಟಿಸುವುದೇ ಒಳ್ಳೆಯದು. ಸಾಂಗ್ಲಿ ನಿಮಗೆ ದೂರವೇನಲ್ಲ, ಅಲ್ಲಿನ ಅರಿಶಿನಕ್ಕೂ 2018ರಲ್ಲಿ ಜಿಐ ಸಿಕ್ಕಿದೆ.

ಗಿರಣಿಗೆ ಹೋಗುವವರಿಗೆ ಒಂದು ಮಾತು. ನಮ್ಮ ಓಣಿಯ ಹತ್ತಿರದ ಒಂದು ಗಿರಣಿಯಲ್ಲಿ ನನ್ನ ಹಿಂದಿನವರು ಬರೀ ಗುಂಟೂರು ಕುಟ್ಟಿಸಿದ್ದರು. ಅದರ ಉಳಿಕೆಯೆಲ್ಲ ನನ್ನ ಖಾರಕ್ಕೆ ಬಂತು, ಮಕ್ಕಳು ಊಟ ಮಾಡಲಿಲ್ಲ. ಈಗ ಮೊದಲು ಒಂದು ಹಿಡಿ ನನ್ನದೇ ಮೆಣಸಿನಕಾಯಿ ಓಡಿಸಿ, ಆ ಪುಡಿ ಬೇರೆ ತೆಗೆಸುತ್ತೇನೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಯಜಮಾನರಿಗೆ ಬಿಪಿ. ಉಪ್ಪಿಲ್ಲದೆ ಖಾರ, ಶೇಂಗಾ ಚಟ್ನಿ ಮಾಡಿದರೆ ಕೆಡುತ್ತದಾ?
– ಇಂಡಿಯಿಂದ

ಕೆಡುವುದಿಲ್ಲ. ಒಣ ಪುಡಿ ಉಳಿಯುವುದು ಒಣಗಿರುವುದರಿಂದ. ಮನೆಯಲ್ಲೇ ಮಾಡುವುದರ ದೊಡ್ಡ ಲಾಭ ಇದು ಅಂತ ನನಗೆ ಅನಿಸುತ್ತದೆ, ಉಪ್ಪು ನಮ್ಮ ಕೈಯಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಹೇಳುತ್ತದೆ, ಅಂದರೆ ಇಡೀ ದಿನದ ಊಟಕ್ಕೆ ಸೇರಿ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಪಲ್ಯಕ್ಕೊಮ್ಮೆ, ಖಾರದಲ್ಲೊಮ್ಮೆ, ಚಟ್ನಿಯಲ್ಲೊಮ್ಮೆ ಹಾಕಿದರೆ ಲೆಕ್ಕ ಎಲ್ಲಿ ಉಳಿಯುತ್ತದೆ? ಖಾರಕ್ಕೆ ಉಪ್ಪು ಪೂರ್ತಿ ಬಿಡಿ. ಶೇಂಗಾ ಚಟ್ನಿಗೆ ಬಳ್ಳೊಳ್ಳಿ, ಜೀರಿಗೆ ಒಂದಿಷ್ಟು ಮುಂದೆ ಇರಲಿ. ಬಡಿಸುವಾಗ ಮೇಲೆ ಲಿಂಬಿ ಹಿಂಡಿ, ನಿಮ್ಮ ಇಂಡಿಯಲ್ಲಿ ಲಿಂಬಿಗೇನು ಬರವೇ! ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಮೊಮ್ಮಗನಿಗೆ ಗೋಧಿ ಆಗುವುದಿಲ್ಲ. ಖಾರಕ್ಕೆ ಇಂಗು ಹಾಕಬಹುದಾ?
– ಅಥಣಿಯಿಂದ ಒಬ್ಬ ಅಜ್ಜಿ

ಅಜ್ಜಿ, ಡಬ್ಬಿ ಮೇಲಿನ ಸಣ್ಣ ಅಕ್ಷರ ಯಾರ ಕೈಲಾದರೂ ಓದಿಸಿ. ಪೇಟೆಯ ಇಂಗಿಗೆ ಗೋಂದು ಮತ್ತು ಗೋಧಿ ಹಿಟ್ಟು ಇಲ್ಲವೇ ಅಕ್ಕಿ ಹಿಟ್ಟು ಬೆರೆಸಿರುತ್ತಾರೆ. ಬರೀ ಅಕ್ಕಿ ಹಿಟ್ಟಿನದು ಸಿಕ್ಕರೆ ತನ್ನಿ. ಸಂಶಯ ಇದ್ದರೆ ಬಿಟ್ಟುಬಿಡಿ, ಬಳ್ಳೊಳ್ಳಿ ಇದ್ದಲ್ಲಿ ಇಂಗಿಲ್ಲದೆಯೂ ಖಾರ ರುಚಿಯಾಗಿರುತ್ತದೆ.

ಗುರೆಳ್ಳು ಚಟ್ನಿ ಪ್ರತಿ ಸಲ ಕಹಿ, ಜೊತೆಗೆ ಹಲ್ಲಿಗೆ ಮರಳು.
– ಗೋಕಾಕದಿಂದ

ಮರಳಿಗೆ ಮೊದಲು ಪರಿಹಾರ. ಗುರೆಳ್ಳನ್ನು (ಹುಚ್ಚೆಳ್ಳು) ನೀರಿನಲ್ಲಿ ಜಾಲಿಸಿ, ಬಟ್ಟೆ ಮೇಲೆ ಪೂರ್ತಿ ಒಣಗಿಸಿ. ಅವಸರ ಮಾಡಬೇಡಿ. ಕಹಿಗೆ ಕಾರಣ ಸೀದದ್ದು. ಕಾಳು ಮೊದಲೇ ಕಪ್ಪು, ಬಣ್ಣ ನೋಡಿ ಹುರಿಯಲು ಬರುವುದಿಲ್ಲ. ಕಿವಿಯನ್ನು ನಂಬಿ. ಸಣ್ಣ ಉರಿಯಲ್ಲಿ ಚಟಪಟ ಶುರುವಾಗುತ್ತದೆ, ಜೋರಾಗುತ್ತದೆ. ಸದ್ದು ಇಳಿಯಲು ಶುರುವಾದಾಗ ನಾಲ್ಕು ಕಾಳು ಬಾಯಿಗೆ ಹಾಕಿ. ಕರುಂ ಅಂದರೆ ತೆಗೆಯಿರಿ. ಮಿಕ್ಸಿಯಲ್ಲಿ ಒಂದು ಕ್ಷಣ ಜಾಸ್ತಿ ತಿರುಗಿಸಿದರೂ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಳ್ಳೊಳ್ಳಿ ಕೊನೆಗೆ ಹಾಕಿ ಒಂದೇ ಸುತ್ತು. ಹದಿನೈದು ದಿನಕ್ಕೆ ಆಗುವಷ್ಟೇ ಮಾಡಿ.

ನೀವು ಕೊನೆಗೆ ಬರೆದಿದ್ದೀರಿ, ಶೇಂಗಾಕ್ಕೆ ಸ್ವಲ್ಪ ಬೂಷ್ಟು ಬಂದಿತ್ತು, ಹುರಿದು ಚಟ್ನಿ ಮಾಡಿದೆ ಅಂತ. ದಯವಿಟ್ಟು ಇನ್ನು ಮುಂದೆ ಹಾಗೆ ಮಾಡಬೇಡಿ. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರಬಹುದು, ಅದು ಲಿವರ್‌ಗೆ ಕೆಟ್ಟದ್ದು. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಮೆಣಸಿನಕಾಯಿಗೂ ಇದೇ ಮಾತು. ಮುರಿದಾಗ ಒಳಗೆ ಬೂದಿ ಬಣ್ಣದ ಪುಡಿ ಕಂಡರೆ ಆ ಕಾಯಿ ಎಸೆಯಿರಿ.

ಪುಣೆಯಲ್ಲಿ ಕೆಲಸ, ರೂಮಿನಲ್ಲಿ ಒಂದೇ ಒಲೆ. ಅವ್ವ ಖಾರ ಕಟ್ಟಿ ಕೊಟ್ಟಿದ್ದಾಳೆ. ನಾನು ಮಾಡಿದ ಪಲ್ಯಕ್ಕೆ ಮನೆಯ ಬಣ್ಣವೂ ಬರುವುದಿಲ್ಲ, ರುಚಿಯೂ ಇಲ್ಲ.
– ಚಿಕ್ಕೋಡಿಯ ಯುವಕ

ತಮ್ಮಾ, ನೀನು ಖಾರವನ್ನು ನೀರಿಗೆ ಹಾಕುತ್ತಿದ್ದೀಯ ಅಂತ ಕಾಣುತ್ತದೆ. ಅದರ ಬಣ್ಣ, ಘಮ ಎರಡೂ ಬಿಡುವುದು ಎಣ್ಣೆಯಲ್ಲಿ. ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಉಳ್ಳಾಗಡ್ಡಿ ಕೆಂಪಗೆ ಮಾಡು. ಈಗ ಉರಿ ಪೂರ್ತಿ ಸಣ್ಣ ಮಾಡಿ ಎರಡು ಚಮಚ ಖಾರ ಹಾಕಿ ನಾಲ್ಕು ಸಲ ಕೈಯಾಡಿಸು. ಎಣ್ಣೆ ಕೆಂಪಾಗಿ ಅಂಚಿಗೆ ಬಂದ ಕೂಡಲೇ ಮೊಳಕೆ ಮಡಕಿಕಾಳು ಹಾಕಿ ಒಂದು ಲೋಟ ಬಿಸಿನೀರು ಸುರಿ. ತಡ ಮಾಡಿದರೆ ಖಾರ ಸೀಯುತ್ತದೆ, ತಣ್ಣೀರು ಸುರಿದರೆ ಬೇಯಲು ಹೊತ್ತು ಹಿಡಿಯುತ್ತದೆ. ಮುಚ್ಚಿ ಬೇಯಿಸು, ಉಪ್ಪು ಕೊನೆಗೆ. ಡಬ್ಬಿಯೊಳಗೆ ಒದ್ದೆ ಚಮಚ ಮಾತ್ರ ಹಾಕಬೇಡ.