ನನ್ನ ಫೋನ್‌ನಲ್ಲಿ ಚೆನ್ನಾಗೇ ಓಡುತ್ತೆ, ಆಪ್ ಸ್ಟೋರ್‌ನಲ್ಲಿ ಯಾಕೆ ರಿಜೆಕ್ಟ್?

ಪ್ರಶ್ನೆ: ತರಗತಿಯ ಹಾಜರಾತಿ ನೋಡಿಕೊಳ್ಳೋಕೆ ಒಂದು ಆಪ್ ಮಾಡಿದ್ದೇನೆ. ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕಿದರೆ ಲಾಗಿನ್ ಆಗುತ್ತದೆ. ಆಪಲ್ ಆಪ್ ಸ್ಟೋರ್‌ಗೆ ಕಳಿಸಿದಾಗಲೆಲ್ಲ 'ಗೈಡ್‌ಲೈನ್ 2.1' ಅಂತ ವಾಪಸ್ ಬರುತ್ತಿದೆ. ನನ್ನ ಫೋನ್‌ನಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ. ಏನೂ ಬದಲಿಸದೆ ಮತ್ತೆ ಕಳಿಸಿದರೆ ಬೇರೆ ರಿವ್ಯೂವರ್ ಸಿಕ್ಕಿ ಪಾಸ್ ಆಗಬಹುದಾ? ಇಲ್ಲಾ, ಗೂಗಲ್ ಪ್ಲೇ ಸ್ಟೋರ್‌ಗೆ ಹೋಗೋದೇ ಸುಲಭವಾ?

ಉತ್ತರ: ಅದೃಷ್ಟ ನಂಬಿಕೊಂಡು ಅದೇ ಬಿಲ್ಡ್ (ಅಂದರೆ ನೀವು ಕಳಿಸಿದ ಆಪ್‌ನ ಅದೇ ಪ್ರತಿ) ಮತ್ತೆ ಕಳಿಸಬೇಡಿ. 2.1 ಅಂದರೆ ಆಪ್ ಇನ್ನೂ ಪೂರ್ತಿಯಾಗಿಲ್ಲ ಅಂತ. ಕ್ರ್ಯಾಶ್, ಖಾಲಿ ಸ್ಕ್ರೀನ್, ಒತ್ತಿದರೆ ಏನೂ ಆಗದ ಬಟನ್, ಒಳಗೆ ಹೋಗೋಕೇ ಬಿಡದ ಲಾಗಿನ್, ಎಲ್ಲಾ ಇದರಡಿಯೇ ಬರುತ್ತವೆ. ಬಗೆಹರಿಯದೆ ಉಳಿಯುವ ತಕರಾರುಗಳಲ್ಲಿ ಶೇ 40ಕ್ಕಿಂತ ಜಾಸ್ತಿ ಇದೇ ನಿಯಮದವು ಅಂತ ಆಪಲ್ ತಾನೇ ಹೇಳುತ್ತದೆ. ಹಾಗಾಗಿ ನೀವೊಬ್ಬರೇ ಅಲ್ಲ.

ನನಗೆ ಅನುಮಾನ ಇರೋದು ನಿಮ್ಮ ಓಟಿಪಿ ಮೇಲೆ. ಆಪ್ ಪರೀಕ್ಷೆ ಮಾಡೋರು ಎಲ್ಲೋ ದೂರದಲ್ಲಿ ಕೂತಿರುತ್ತಾರೆ. ನೀವು ನಿಮ್ಮ ನಂಬರ್ ಕೊಟ್ಟರೆ ಓಟಿಪಿ ನಿಮ್ಮ ಫೋನ್‌ಗೇ ಬರುತ್ತದೆ, ಅವರು ಲಾಗಿನ್ ಸ್ಕ್ರೀನ್ ಮುಂದೆಯೇ ನಿಂತಿರುತ್ತಾರೆ. ಇದಕ್ಕೆ ಪರಿಹಾರ ಸುಲಭ: ಸರ್ವರ್‌ನಲ್ಲಿ ಒಂದು ಡೆಮೊ ನಂಬರ್ ಇಟ್ಟು, ಅದಕ್ಕೆ ಮಾತ್ರ ಯಾವತ್ತೂ ಬದಲಾಗದ ಒಂದು ಓಟಿಪಿ ಕೊಡಿ. ಆ ಖಾತೆಯಲ್ಲಿ ಒಂದೆರಡು ತರಗತಿ, ಒಂದಿಷ್ಟು ವಿದ್ಯಾರ್ಥಿಗಳ ಹೆಸರು, ಹಿಂದಿನ ವಾರದ ಹಾಜರಾತಿ ತುಂಬಿಸಿಡಿ. ಖಾಲಿ ಖಾತೆ ನೋಡಿದವರಿಗೆ ಈ ಆಪ್ ಏನು ಮಾಡುತ್ತೆ ಅಂತ ಹೇಗೆ ಗೊತ್ತಾಗಬೇಕು? ಈ ವಿವರವನ್ನೆಲ್ಲ ಸಬ್‌ಮಿಟ್ ಮಾಡುವಾಗ ಸಿಗುವ 'ರಿವ್ಯೂ ನೋಟ್ಸ್' ಜಾಗದಲ್ಲಿ ಬರೆಯಿರಿ. ಜಾಸ್ತಿ ಜನ ಅದನ್ನು ಖಾಲಿ ಬಿಡುತ್ತಾರೆ, ಯಾಕೋ ಗೊತ್ತಿಲ್ಲ. ಇನ್ನೊಂದು, ರಿವ್ಯೂ ಮುಗಿಯುವವರೆಗೆ ಸರ್ವರ್ ಆನ್ ಇರಲಿ. ಯಾರೂ ಬಳಸದಿದ್ದರೆ ನಿದ್ದೆಗೆ ಜಾರುವ ಉಚಿತ ಸರ್ವರ್ ಆದರೆ ಅವರು ತೆರೆದಾಗ ಲೋಡಿಂಗ್ ಚಕ್ರ ಸುತ್ತುತ್ತಲೇ ಇರುತ್ತದೆ.

ಓಟಿಪಿ ಸರಿ ಇದ್ದೂ ವಾಪಸ್ ಬಂದಿದ್ದರೆ ಐಪ್ಯಾಡ್‌ನಲ್ಲಿ ಓಡಿಸಿ ನೋಡಿ. ಆಪಲ್ ಸಾಧನಗಳಿಗೆ ಆಪ್ ಮಾಡುವ ಸಾಫ್ಟ್‌ವೇರ್ ಎಕ್ಸ್‌ಕೋಡ್‌ನಲ್ಲಿ ಹೊಸ ಪ್ರಾಜೆಕ್ಟ್ ಮಾಡಿದರೆ ಸಾಮಾನ್ಯವಾಗಿ ಐಪ್ಯಾಡ್ ತಾನಾಗೇ ಸೇರಿರುತ್ತದೆ, ನೀವು ಗಮನಿಸಿರಲ್ಲ ಅಷ್ಟೇ. ಹಾಜರಾತಿ ಪಟ್ಟಿ ಕಳಿಸೋಕೆ ಶೇರ್ ಬಟನ್ ಇದ್ದರೆ ಮೊದಲು ಅದನ್ನೇ ಒತ್ತಿ. ಶೇರ್ ಕಿಟಕಿ ಐಪ್ಯಾಡ್‌ನಲ್ಲಿ ಸ್ಕ್ರೀನಿನ ಯಾವ ಜಾಗದಿಂದ ತೆರೆಯಬೇಕು ಅಂತ ಕೋಡ್‌ನಲ್ಲಿ ಹೇಳಿಲ್ಲದಿದ್ದರೆ ಆಪ್ ಅಲ್ಲೇ ಕ್ರ್ಯಾಶ್ ಆಗುತ್ತದೆ. ಐಫೋನ್‌ನಲ್ಲಿ ಈ ತೊಂದರೆಯೇ ಇಲ್ಲ, ಹಾಗಾಗಿ ನಿಮ್ಮ ಕಣ್ಣಿಗೆ ಬಿದ್ದಿರಲ್ಲ. ಕ್ರ್ಯಾಶ್ ಆಗಿದ್ದರೆ ಸಾಮಾನ್ಯವಾಗಿ ಅವರ ಸಂದೇಶದಲ್ಲಿ ಯಾವ ಸಾಧನದಲ್ಲಿ ನೋಡಿದರು ಅಂತ ಇರುತ್ತೆ. 2.1 ಅನ್ನುವ ನಂಬರ್ ನೋಡಿ ಬೇಜಾರು ಮಾಡಿಕೊಳ್ಳುವ ಮೊದಲು ಅದನ್ನು ಪೂರ್ತಿ ಓದಿ.

2.1 ದಾಟಿದ ಮೇಲೆ ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುವ ಎರಡು ವಿಷಯ ಈಗಲೇ ಮುಗಿಸಿಬಿಡಿ. ಆಪ್‌ನಲ್ಲಿ ಖಾತೆ ತೆರೆಯೋಕೆ ಆಗುತ್ತೆ ಅಂದರೆ ಅಳಿಸೋಕೂ ಆಪ್ ಒಳಗೇ ದಾರಿ ಇರಬೇಕು. 2022ರ ಜೂನ್ 30ರಿಂದ ಇದು ಕಡ್ಡಾಯ, 'ಇಮೇಲ್ ಮಾಡಿ, ಅಳಿಸುತ್ತೇವೆ' ಅಂದರೆ ಸಾಮಾನ್ಯವಾಗಿ ಒಪ್ಪಲ್ಲ. ಇನ್ನು ಅನುಮತಿ ಕೇಳುವ ಸಾಲು: ಸುಮ್ನೆ 'ಕ್ಯಾಮೆರಾ ಬೇಕು' ಅಂತ ಬರೆದರೆ ಸಾಲದು, 'ವಿದ್ಯಾರ್ಥಿಯ ಫೋಟೊ ತೆಗೆದು ಹಾಜರಾತಿ ಪಟ್ಟಿಗೆ ಸೇರಿಸಲು ಕ್ಯಾಮೆರಾ ಬಳಸುತ್ತೇವೆ' ಅಂತ ಬಿಡಿಸಿ ಹೇಳಬೇಕು.

ಅವರು ಹೇಳಿದ್ದು ತಪ್ಪು ಅನ್ನಿಸಿದರೆ ಆಪ್ ಸಬ್‌ಮಿಟ್ ಮಾಡುವ ಆಪಲ್ ತಾಣ ಆಪ್ ಸ್ಟೋರ್ ಕನೆಕ್ಟ್‌ನಲ್ಲಿ ಅದೇ ಸಂದೇಶಕ್ಕೆ ಉತ್ತರ ಬರೆಯಬಹುದು. ಲಾಗಿನ್ ಮಾಡಿ ಬಳಸುವ ವಿಡಿಯೊ ಜೊತೆಗೆ ಹಾಕಿದರೆ ಇನ್ನೂ ಒಳ್ಳೆಯದು. ಬರೀ ಡೆಮೊ ಖಾತೆ ಕೊಡೋದು ಬಾಕಿ ಇದ್ದರೆ ಹೊಸ ಬಿಲ್ಡ್ ಕೂಡ ಬೇಕಾಗಲ್ಲ.

ಇನ್ನು ಪ್ಲೇ ಸ್ಟೋರ್. ಸುಲಭ ಅಂತ ನಾನು ಹೇಳಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ನೀವು ಆರಿಸಿದವರಿಗೆ ಮಾತ್ರ ಆಪ್ ಸಿಗುವ ಪರೀಕ್ಷೆ) ಇದ್ದ ಮೇಲಷ್ಟೇ ಬಿಡುಗಡೆಗೆ ಅರ್ಜಿ ಹಾಕಬಹುದು. ಯಾವ ಮಾಹಿತಿ ಸಂಗ್ರಹಿಸುತ್ತೀರಿ ಅನ್ನುವ ಡೇಟಾ ಸೇಫ್ಟಿ ಫಾರ್ಮ್ ಬೇರೆ ತುಂಬಬೇಕು. ಓಟಿಪಿ ತಾನಾಗೇ ಓದಿಕೊಳ್ಳಲಿ ಅಂತ ಎಸ್ಎಂಎಸ್ ಓದುವ ಅನುಮತಿ ಕೇಳಿದ್ದರೆ ತೆಗೆದುಹಾಕಿ, ಅಲ್ಲಿ ಅದಕ್ಕೆ ಬಿಗಿ ನಿಯಮ ಇದೆ, ಆ ಅನುಮತಿ ಇಲ್ಲದೆಯೂ ಓಟಿಪಿ ಪಡೆಯುವ ದಾರಿ ಗೂಗಲ್ಲೇ ಕೊಟ್ಟಿದೆ. ಮತ್ತೆ ಲಾಗಿನ್ ಇರುವ ಆಪ್‌ಗೆ 'ಆಪ್ ಆಕ್ಸೆಸ್' ಅನ್ನುವ ಭಾಗದಲ್ಲಿ ಅವರೂ ಡೆಮೊ ಖಾತೆ ಕೇಳುತ್ತಾರೆ. ಆದ್ದರಿಂದ ಇವತ್ತು ಆ ಡೆಮೊ ನಂಬರ್‌ನಿಂದಲೇ ಶುರು ಮಾಡಿ.