ಫ್ರಾನ್ಸಿನ ಬ್ರಿಯಾರ್ ಊರಿನ ವಿಶೇಷವೇನು?

ಬ್ರಿಯಾರ್ ಇರುವುದು ಪ್ಯಾರಿಸ್‌ಗೆ ದಕ್ಷಿಣದಲ್ಲಿ, ಲುವಾರ್ ನದಿಯ ದಡದಲ್ಲಿ. ಊರು ಚಿಕ್ಕದು, ಆದರೆ ಅಲ್ಲಿ ನದಿಗೆ ಅಡ್ಡಲಾಗಿ ನೀರು ತುಂಬಿದ ಸೇತುವೆ ಇದೆ, ಅದರ ಮೇಲೆ ದೋಣಿಗಳು ತೇಲಿ ಹೋಗುತ್ತವೆ!

ಪ್ಯಾರಿಸ್ ಮೂಲಕ ಹರಿಯುವ ಸೇನ್ ನದಿ ಕಡೆಗೆ ಸರಕು ಸಾಗಿಸಲು 1604ರಲ್ಲಿ ಇಲ್ಲಿ ಕಾಲುವೆ ತೋಡಲು ಶುರು ಮಾಡಿದರು. ಮುಗಿದದ್ದು 1642ಕ್ಕೆ. ಮುಂದೆ ಆಚೆ ದಡದಲ್ಲೂ ಕಾಲುವೆ ಬಂತು. ನಡುವೆ ಲುವಾರ್ ದಾಟುವುದೇ ತಲೆನೋವು: ಮಳೆಗಾಲಕ್ಕೆ ಪ್ರವಾಹ, ಬೇಸಿಗೆಗೆ ನೀರೇ ಇಲ್ಲ. ಅದಕ್ಕೇ 1896ರಲ್ಲಿ 662 ಮೀಟರ್ ಉದ್ದದ ಉಕ್ಕಿನ ತೊಟ್ಟಿಯನ್ನೇ ನದಿ ಮೇಲೆ ಕೂರಿಸಿ, ಅದರಲ್ಲೇ ಕಾಲುವೆ ನೀರು ಹಾಯಿಸಿದರು. ಕೆಳಗಿನ ಕಲ್ಲಿನ ಕಂಬಗಳು ಐಫೆಲ್ ಕಂಪನಿಯ ಕೆಲಸ. ಪಕ್ಕದಲ್ಲೇ ದೀಪದ ಕಂಬಗಳ ಸಾಲು, ನಡೆದು ಹೋಗಲು ದಾರಿ.

ದುಡಿಮೆ? 19ನೇ ಶತಮಾನದಲ್ಲಿ ಬಾಪ್ತೆರೋಸ್ ಎಂಬಾತ ಗುಂಡಿ ಕಾರ್ಖಾನೆ ನಡೆಸಿದ. ಹೌದು, ಅಂಗಿಯ ಗುಂಡಿಯೇ! ಆಮೇಲೆ ಅಲ್ಲೇ ಬಣ್ಣದ ಮೊಸಾಯಿಕ್ ಬಿಲ್ಲೆಗಳೂ ತಯಾರಾದವು. ಕಾಲುವೆಯಲ್ಲಿ ಈಗ ಸರಕಿನ ದೋಣಿಗಿಂತ ಪ್ರವಾಸಿಗರ ದೋಣಿಯೇ ಜಾಸ್ತಿ.